ಬಾಯಿಮಾತು ಟಿಕೆಟ್ ಅಲ್ಲ

ಪತ್ರಿಕೆಯನ್ನು ಎಲ್ಲರೂ ಮೇಲಿನಿಂದ ಕೆಳಕ್ಕೆ ಓದಿದರೆ ತುಣುಕಣ್ಣ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದ. ಅವನ ಅನ್ನ ಹುಟ್ಟುತ್ತಿದ್ದದ್ದೇ ಪುಟದ ತಳದಲ್ಲಿ. ಸುದ್ದಿ ಮುಗಿದಿರುತ್ತದೆ, ಜಾಹೀರಾತು ಇನ್ನೂ ಶುರುವಾಗಿರುವುದಿಲ್ಲ, ನಡುವೆ ಎರಡು ಬೆರಳಗಲ ಜಾಗ ಬಾಯಿ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದನ್ನು ತುಂಬುವುದು ಅವನ ಕೆಲಸ. ಪುಟ ಕಟ್ಟುವವನು ತನ್ನ ಮೇಜಿನಿಂದಲೇ "ಅಣ್ಣಾ, ನಾಲ್ಕು ಸಾಲು!" ಎಂದು ಕೂಗು ಹಾಕುತ್ತಿದ್ದ. ತುಣುಕಣ್ಣ ತಲೆ ಎತ್ತದೆ ನಾಲ್ಕು ಸಾಲು ಕೊಡುತ್ತಿದ್ದ. ಶುಕ್ರಗ್ರಹದಲ್ಲಿ ಒಂದು ದಿನ ಅಲ್ಲಿಯ ಒಂದು ವರ್ಷಕ್ಕಿಂತ ಉದ್ದ. ಎರಡೇ ಸಾಲು ಸಾಕೇ? ಚಿಟ್ಟೆ ರುಚಿ ನೋಡುವುದು ಕಾಲಿನಿಂದ. ಇನ್ನೊಂದು ಸಾಲು ಹಿಗ್ಗಿಸಬೇಕೇ? ಭೂಮಿಯ ಮೇಲೆ ಮರಗಳು ಹುಟ್ಟುವುದಕ್ಕೆ ಮೊದಲೇ ಸಮುದ್ರದಲ್ಲಿ ಶಾರ್ಕ್ ಮೀನುಗಳಿದ್ದವು. ಬೇರೆಯವರ ತಲೆಯಲ್ಲಿ ಸಂಗತಿಗಳು ವಿಷಯವಾರು ಕೂತಿದ್ದರೆ ಇವನ ತಲೆಯಲ್ಲಿ ಸಾಲುವಾರು ಕೂತಿದ್ದವು. "ದೊಡ್ಡ ಮನುಷ್ಯರು ಕಡಿಮೆ ಮಾತಾಡಿದ ದಿನ ನನಗೆ ಕೆಲಸ ಜಾಸ್ತಿ" ಎನ್ನುತ್ತಿದ್ದ. ಅಂಥ ದಿನಗಳು ಎಷ್ಟು ಬರುತ್ತಿದ್ದವೋ ನೀವೇ ಊಹಿಸಿಕೊಳ್ಳಿ.

ಕಚೇರಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಕೊಡುವವರಿಗೆ ಮಾತ್ರ. ಪುಟದ ತಳದ ಆ ತುಣುಕುಗಳಿಂದಾಗಿ ಉಳಿದವರಿಗೆಲ್ಲ ಅವನು ತುಣುಕಣ್ಣ. ಅವನು ಬರೆದದ್ದನ್ನು ಓದುಗರು ಓದುತ್ತಿದ್ದರು, "ಓಹೋ" ಎನ್ನುತ್ತಿದ್ದರು, ಪುಟ ತಿರುಗಿಸುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಲೋಕದಲ್ಲಿ ಹೆಚ್ಚು. ಯಾರೂ ಎದುರಾಡುತ್ತಿರಲಿಲ್ಲ, ಯಾರೂ ಪುರಾವೆ ಕೇಳುತ್ತಿರಲಿಲ್ಲ. ಆ ಕೊರತೆಯನ್ನೆಲ್ಲ ಬಡ್ಡಿ ಸಮೇತ ತುಂಬಿಕೊಡಲು ಮನೆಯಲ್ಲಿ ಒಬ್ಬಳಿದ್ದಳು.

ಅವನ ಹೆಂಡತಿ ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದಳು. ಕಂಡಕ್ಟರುಗಳು ಅವಳನ್ನು ಬೆನ್ನ ಹಿಂದೆ ಚೆಕಿಂಗಮ್ಮ ಎನ್ನುತ್ತಿದ್ದರು, ಎದುರಿಗೆ ಏನೂ ಅನ್ನುತ್ತಿರಲಿಲ್ಲ. ನೀಲಿ ಕೋಟು ತೊಟ್ಟು, ಯಾರೂ ನಿರೀಕ್ಷಿಸದ ನಿಲ್ದಾಣದಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿ, ಅಂಗೈ ಚಾಚಿ ಎರಡು ಬೆರಳು ಆಡಿಸಿ "ತೋರಿಸಿ" ಎನ್ನುವಳು. ಗಾಳಿಗೆ ಹಾರಿಹೋಯ್ತು ಮೇಡಂ, ಕಂಡಕ್ಟರ್ ಕೊಡಲೇ ಇಲ್ಲ ಮೇಡಂ, ಮಗು ನುಂಗಿಬಿಡ್ತು ಮೇಡಂ. ನುಂಗಿದ ಮಗು ಎಲ್ಲಿ ಎಂದರೆ ಮಗುವೇ ಇರುತ್ತಿರಲಿಲ್ಲ. ಇಂಥವನ್ನು ದಿನವಿಡೀ ಕೇಳಿದ ಕಿವಿಗಳಿಗೆ ಶಾರ್ಕು, ಶುಕ್ರಗ್ರಹ ಯಾವ ಲೆಕ್ಕ? "ನಂಬಿಬಿಟ್ರೆ ನನ್ನ ಕೆಲಸ ಹೋಗುತ್ತೆ ಕಣ್ರೀ" ಎನ್ನುವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹೊಟ್ಟೆಪಾಡು ಮಾಡಿಕೊಂಡ ಹೆಂಗಸು ಅವಳು.

ಅವರಿಬ್ಬರ ಪರಿಚಯವಾದದ್ದೂ ಹಾಗೆಯೇ. ಆಗಿನ್ನೂ ತುಣುಕಣ್ಣನ ತಲೆ ತುಂಬ ಕೂದಲಿತ್ತು, ಮೂಗಿನ ಕೆಳಗೆ ಜಂಬದ ಮೀಸೆಯಿತ್ತು. ಬಸ್ಸಿನಲ್ಲಿ ಕೂತು ಕಡಲ ಜೀವಿಗಳ ಪುಸ್ತಕ ಓದುತ್ತಿದ್ದವನ ಮುಂದೆ ಅಂಗೈ ಬಂತು. ಅಂಗಿ ಜೇಬು, ಪ್ಯಾಂಟು ಜೇಬು, ಚೀಲ ಎಲ್ಲ ತಡಕಾಡಿದ.

"ತಗೊಂಡಿದ್ದೆ ಮೇಡಂ. ಎಲ್ಲೋ ಹೋಯ್ತು."

"ಸುಳ್ಳು."

"ಸತ್ಯವಾಗ್ಲೂ ತಗೊಂಡಿದ್ದೆ."

"ಬಾಯಿಮಾತು ಟಿಕೆಟ್ ಅಲ್ಲ. ಇಳೀರಿ."

ಇಳಿದ. ಮನೆಗೆ ನಡೆದುಹೋಗಿ ಪುಸ್ತಕ ಬಿಚ್ಚಿದರೆ ಟಿಕೆಟ್ಟು ಅಲ್ಲೇ ಇತ್ತು, ಓದಿ ನಿಲ್ಲಿಸಿದ ಪುಟದ ಗುರುತಾಗಿ. ಮರುದಿನ ಅದೇ ನಿಲ್ದಾಣದಲ್ಲಿ ಕಾದು ನಿಂತು ಅವಳಿಗೆ ತೋರಿಸಿದ. ಅವಳು ಟಿಕೆಟ್ಟನ್ನು ಬೆಳಕಿಗೆ ಹಿಡಿದು, ತೂತು ನೋಡಿ, ತಾರೀಕು ನೋಡಿ, "ಹೂಂ. ನಿಜ ಹೇಳಿದ್ರಿ. ಮೊದಲನೇ ಸಲ ನೋಡ್ತಿದೀನಿ ಇಂಥದ್ದು" ಎಂದಳು. ಆ ಉತ್ಸಾಹಕ್ಕೆ ತುಣುಕಣ್ಣ ಬಾಯಿ ತಪ್ಪಿ, ಆಕ್ಟೋಪಸ್ಸಿಗೆ ಮೂರು ಹೃದಯ ಇರುತ್ತೆ ಗೊತ್ತಾ, ಎಂದುಬಿಟ್ಟ.

"ಸುಳ್ಳು" ಎಂದಳು ಅವಳು. ಆಮೇಲೆ ಬಾಯಿಯ ಒಂದು ತುದಿ ಮಾತ್ರ ಮೇಲೇರಿತು. "ಒಂದು ಹೃದಯ ಇರೋರೇ ಅದನ್ನ ಏನು ಮಾಡ್ಬೇಕು ಗೊತ್ತಾಗದೆ ಒದ್ದಾಡ್ತಾರೆ. ಮೂರು ಇಟ್ಕೊಂಡು ಅದೇನು ಮಾಡುತ್ತೆ? ನಾಳೆ ಸಂಜೆಯೊಳಗೆ ಪುರಾವೆ ತನ್ನಿ."

ಅವನು ಪುಸ್ತಕ ತಂದ. ಅವಳು ಓದಿ ನೋಡಿ ಇನ್ನೊಂದಕ್ಕೆ ಸುಳ್ಳು ಎಂದಳು. ಹೀಗೆ ಪುರಾವೆ ಹೊತ್ತು ಹೊತ್ತೇ ಅವನು ಮದುವೆಯ ತನಕ ನಡೆದ.

ಮದುವೆಯಾದ ಮೇಲೆ ಅದೇ ಮನೆಯ ಕಾನೂನಾಯಿತು. ಸಂಜೆ ಅವಳು ಬಾತುಹೋದ ಪಾದಗಳನ್ನು ಮಣೆಯ ಮೇಲಿಟ್ಟುಕೊಂಡು ಬಟಾಣಿ ಸುಲಿಯುತ್ತ ಕೂರುವಳು, ಅವನು ಮರುದಿನದ ತುಣುಕುಗಳನ್ನು ಓದುವನು. ಅವಳು ಸುಮ್ಮನಿದ್ದರೆ ಪಾಸು. "ಸುಳ್ಳು" ಎಂದರೆ ಮರುದಿನ ಸಂಜೆಯೊಳಗೆ ಪುರಾವೆ ಬೇಕು. ಪುರಾವೆ ಸಿಗುವ ತನಕ ರಾತ್ರಿಯ ಪಾತ್ರೆ ತೊಳೆಯುವ ಪಾಳಿ ಅವನದು. ಮೊದಲ ವರ್ಷವೇ ತುಣುಕಣ್ಣ ಪಾತ್ರೆ ತೊಳೆಯುವುದರಲ್ಲಿ ಪಳಗಿಬಿಟ್ಟ.

ಒಂದು ಸಲ ಅವನು, ದೊಡ್ಡ ಕಬ್ಬಿಣದ ಗೋಪುರಗಳು ಬೇಸಿಗೆಯಲ್ಲಿ ಬೆಳೆಯುತ್ತವೆ ಎಂದು ಓದಿದ. ಅವಳು ಬಟಾಣಿ ಕೆಳಗಿಟ್ಟಳು.

"ಕಬ್ಬಿಣ ಬೆಳೆಯುತ್ತಾ? ಸುಳ್ಳು. ಹಾಗಾದ್ರೆ ನಮ್ಮ ಬಾಣಲೆಗೂ ಹುಟ್ಟುಹಬ್ಬ ಮಾಡೋಣ."

ಮರುದಿನ ಅವನು ಅಡುಗೆಮನೆಯಿಂದ ಗಾಜಿನ ಜಾಡಿಯೊಂದನ್ನು ತಂದ. ಅದರ ತಗಡಿನ ಮುಚ್ಚಳ ತಿಂಗಳಿಂದ ಕಚ್ಚಿಕೊಂಡಿತ್ತು, ಇಬ್ಬರಿಂದಲೂ ತೆಗೆಯಲಾಗಿರಲಿಲ್ಲ. ಮುಚ್ಚಳದ ಮೇಲೆ ಬಿಸಿನೀರು ಸುರಿದು ತಿರುಗಿಸಿದರೆ ಸಲೀಸಾಗಿ ಬಿಚ್ಚಿಕೊಂಡಿತು. ಬಿಸಿಗೆ ಲೋಹ ದೊಡ್ಡದಾಗುತ್ತೆ, ಗೋಪುರದ ಕಥೆಯೂ ಇಷ್ಟೇ, ಎಂದ. ಅವಳು ಮುಚ್ಚಳವನ್ನು ಮೂರು ಸಲ ತೆಗೆದು ಮುಚ್ಚಿ ನೋಡಿದಳು.

"ಹಾಗಾದ್ರೆ ಬೆಳೆಯೋದಲ್ಲ ಕಣ್ರೀ ಇದು, ಹಿಗ್ಗೋದು. ಬೆಳೆದಿದ್ದು ಚಳಿಗಾಲಕ್ಕೆ ಮತ್ತೆ ಕುಗ್ಗುತ್ತಾ? ನೀವು ಬರೀತಿರೋದು ಪತ್ರಿಕೆಗೆ, ಸರಿಯಾಗಿ ಬರೀರಿ."

ಪತ್ರಿಕೆಯಲ್ಲಿ 'ಹಿಗ್ಗುತ್ತವೆ' ಎಂದೇ ಬಂತು. ಸಂಪಾದಕರು ತುಣುಕಣ್ಣನ ಬರಹ ತೂಕದ್ದು ಎಂದು ಹೊಗಳುತ್ತಿದ್ದರು, ತೂಗುವವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಚೌಕಾಕಾರ ಇರುತ್ತದೆ ಎಂದು ಹೇಳಿದ ದಿನವಂತೂ ಅವಳು ಸುಳ್ಳು ಅನ್ನುವುದಕ್ಕೂ ಆಗದಷ್ಟು ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕು, ಬಟಾಣಿಯೆಲ್ಲ ನೆಲದ ಮೇಲೆ ಚೆಲ್ಲಿದಳು. ಸಂಪಾದಕರು ಅದನ್ನು ಹಾಕಲಿಲ್ಲ, ಜನ ಬೆಳಗಿನ ಕಾಫಿ ಹೊತ್ತಿಗೆ ಓದುವ ಪತ್ರಿಕೆಯಪ್ಪಾ ಇದು ಎಂದರು. ತುಣುಕಣ್ಣನಿಗೆ ಬೇಸರವಾಗಲಿಲ್ಲ. ಅದು ಯಾರಿಗೆ ತಲುಪಬೇಕಿತ್ತೋ ಅವರಿಗೆ ಹಿಂದಿನ ಸಂಜೆಯೇ ತಲುಪಿತ್ತು.

ಮಗಳು ಹುಟ್ಟಿ, ಬೆಳೆದು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ಚೆಕಿಂಗಮ್ಮ ನೀಲಿ ಕೋಟು ಕಳಚಿ ನಿವೃತ್ತಳಾದಳು. ಅದರ ಮರುವರ್ಷ ಬಂತು ಬಂಗಾರದ ಮೀನಿನ ಪ್ರಕರಣ.

ಆ ಸಂಜೆ ತುಣುಕಣ್ಣ ಎಲ್ಲೋ ಕೇಳಿದ್ದೊಂದನ್ನು ಬರೆದುಕೊಂಡಿದ್ದ: ಬಂಗಾರದ ಮೀನಿನ ನೆನಪು ಮೂರೇ ಸೆಕೆಂಡು. ಅವನಿಗೇ ಒಳಗೊಳಗೆ ಅನುಮಾನವಿತ್ತು. ಇದಕ್ಕೆ ಬೀಳುತ್ತೆ ನೋಡು ಏಟು ಎಂದುಕೊಂಡೇ ಓದಿದ.

"ಹೌದಾ? ಪಾಪ" ಎಂದಳು ಅವಳು.

ತುಣುಕಣ್ಣ ಎರಡನೆಯ ಸಲ ನೋಡಲಿಲ್ಲ. ಇಷ್ಟು ವರ್ಷ ಅವಳು ಬಿಟ್ಟದ್ದೆಲ್ಲ ಪಾಸಾಗಿತ್ತು, ಇದೂ ಪಾಸು. ಮರುದಿನ ಪತ್ರಿಕೆಯಲ್ಲಿ ಬಂತು. ಹೊತ್ತೇರುವ ಮುಂಚೆ ಕಚೇರಿಯ ಫೋನು ಹೊಡೆದುಕೊಳ್ಳತೊಡಗಿತು. ಮೀನು ಮಾರುವ ಅಂಗಡಿಯವನೊಬ್ಬ ತನ್ನ ಮನೆಮಂದಿಯನ್ನೇ ಯಾರೋ ಬೈದಂತೆ ಸಿಟ್ಟಾಗಿದ್ದ. "ಸ್ವಾಮಿ, ನನ್ನ ಮೀನುಗಳಿಗೆ ನನ್ನ ಹೆಜ್ಜೆ ಸದ್ದು ಗೊತ್ತು, ಊಟದ ಡಬ್ಬಿ ಸದ್ದು ಗೊತ್ತು. ಮೂರು ಸೆಕೆಂಡಂತೆ! ನಿಮಗಿದೆಯಾ ಅಷ್ಟು ನೆನಪು?" ಹುಡುಕಿ ನೋಡಿದರೆ ಅವನ ಮಾತೇ ಸರಿ, ಬಂಗಾರದ ಮೀನು ಕಲಿತದ್ದನ್ನು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ತುಣುಕಣ್ಣ ಮೊದಲ ಸಲ ತಿದ್ದುಪಡಿ ಬರೆದ. ಅದಕ್ಕೂ ಮೂರು ಸಾಲು ಬೇಕಾಯಿತು.

ಮನೆಗೆ ಬಂದವನು ಬಾಗಿಲಲ್ಲೇ ಜಗಳಕ್ಕೆ ನಿಂತ. ನಿಜವಾದ ಜಗಳವಲ್ಲ, ಅವರಿಬ್ಬರಿಗೂ ಪ್ರಿಯವಾದ ಜಗಳ.

"ಏನೇ, ನಿನ್ನೆ ಮೀನಿನ ವಿಷಯಕ್ಕೆ ಯಾಕೆ ಸುಳ್ಳು ಅನ್ನಲಿಲ್ಲ? ನನ್ನ ಮಾನ ಮೂರು ಕಾಸಿಗೆ ಹೋಯ್ತಲ್ಲ!"

"ಯಾವ ಮೀನು?" ಎಂದಳು.

ಅವಳು ಬಟಾಣಿ ಸುಲಿಯುತ್ತಿದ್ದಳು. ಕಾಳುಗಳನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಳು. ತುಣುಕಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟ. ಆಮೇಲೆ ಪಕ್ಕದಲ್ಲಿ ಕೂತು ಬುಟ್ಟಿಯಿಂದ ಕಾಳು ಹೆಕ್ಕತೊಡಗಿದ.

ಮುಂದಿನದೆಲ್ಲ ಒಂದೊಂದಾಗಿ ಆಯಿತು. ಪತ್ರಿಕೆಗೆ ಹೊಸ ಕಂಪ್ಯೂಟರುಗಳು ಬಂದು ಸುದ್ದಿಯನ್ನು ಎಳೆದೂ ಒತ್ತಿಯೂ ಪುಟಕ್ಕೆ ಸರಿಹೊಂದಿಸತೊಡಗಿದವು. ಜಾಗವೇ ಉಳಿಯದಿದ್ದ ಮೇಲೆ ತುಂಬುವವನೇಕೆ? ತುಣುಕಣ್ಣ ಮನೆ ಸೇರಿದ. ಅಷ್ಟರಲ್ಲಿ ಅವಳಿಗೆ ಬಸ್ಸಿನ ದಾರಿಗಳು ಮರೆತಿದ್ದವು, ಮಗಳ ಹೆಸರು ಮರೆತಿತ್ತು, ಕೊನೆಗೆ ಅವನೂ ಮರೆತುಹೋದ. ಜಗಳವಾಡದೆ, ಅಳದೆ, ಯಾರೋ ಒಳ್ಳೆಯ ಮನುಷ್ಯ ದಿನಾ ಬಂದು ಹೋಗುತ್ತಾನೆ ಎಂದುಕೊಂಡು ಮರೆತಳು. ಅವನ ಕೈಯಲ್ಲಿ ಯಾವಾಗಲೂ ಪತ್ರಿಕೆ ಇರುತ್ತಿದ್ದರಿಂದ 'ಪೇಪರಿನವರೇ' ಎಂದು ಕರೆದಳು. ಕಟ್ಟಿಕೊಂಡವಳ ಬಾಯಲ್ಲಿ ಬಹುವಚನ ಮೊದಲೂ ಇತ್ತು, ಆದರೆ ಆ ಹಳೆಯ 'ರೀ' ಎಲ್ಲಿ, ಈ ಮರ್ಯಾದೆ ಎಲ್ಲಿ!

ವೈದ್ಯರು ಹೇಳಿದ್ದು ಇಷ್ಟು: ಪ್ರಶ್ನೆ ಕೇಳಬೇಡಿ, ತಿದ್ದಬೇಡಿ, ಅವರು ಏನಂದರೂ ಹೂಂ ಅನ್ನಿ, ನೆಮ್ಮದಿಯಾಗಿರುತ್ತಾರೆ. ಮಗಳು ಅದನ್ನು ಅಕ್ಷರಶಃ ಹಿಡಿದುಕೊಂಡಳು. ಇವರು ಅವಳಿಗೆ ಹೂಂ ಅನ್ನುವುದು, ಅವಳು ಇವರಿಗೆ ಹೂಂ ಅನ್ನುವುದು. ಒಂದು ಕಾಲದಲ್ಲಿ 'ಸುಳ್ಳು, ತೋರಿಸಿ, ಆಗಲ್ಲ' ಎಂದು ಗದ್ದಲವೇಳುತ್ತಿದ್ದ ಮನೆಯಲ್ಲಿ ಈಗ ಬರೀ ಹೂಂಕಾರ. ನೆಮ್ಮದಿ ಎನ್ನುವುದು ಇದೇ ಆದರೆ ಅದನ್ನು ಕಂಡುಹಿಡಿದವರನ್ನು ಬಸ್ಸಿನಿಂದ ಇಳಿಸಬೇಕು.

ತುಣುಕಣ್ಣನಿಗೆ ಬೇಕಾಗಿದ್ದದ್ದು ಒಂದೇ ಒಂದು 'ಸುಳ್ಳು'. ಅವಳು ತನ್ನನ್ನು ಗುರುತು ಹಿಡಿಯಲಿ ಎಂಬ ಆಸೆಯನ್ನು ಅವನು ಬಿಟ್ಟುಬಿಟ್ಟಿದ್ದ. ಅದು ದೊಡ್ಡ ಆಸೆ. ಇದು ಚಿಕ್ಕದು, ಒಂದು ಸಾಲಿನದು. ಇಡೀ ಲೋಕ ಅವನ ಮಾತನ್ನು ನಂಬಿತ್ತು, ನಂಬದೆ ಇದ್ದವಳು ಅವಳೊಬ್ಬಳೇ. ನಂಬದವಳು ಎಂದರೆ ಕೂತು ಕೇಳಿದವಳು ಎಂದು ಅವನಿಗೆ ಈಗ ಅರ್ಥವಾಗಿತ್ತು. ಆ ಬಾಯಿಯ ಒಂದು ತುದಿ ಮೇಲೇರುವುದನ್ನು ಇನ್ನೊಂದು ಸಲ ನೋಡಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಹಾಗಾಗಿ ದಿನಾ ಸಂಜೆ ಬಟಾಣಿ ತಂದು ಅವಳ ಮುಂದಿಡುತ್ತಿದ್ದ, ಹಳೆಯ ತುಣುಕುಗಳನ್ನು ಒಂದೊಂದಾಗಿ ಹೇಳುತ್ತಿದ್ದ.

"ಆಕ್ಟೋಪಸ್ಸಿಗೆ ಮೂರು ಹೃದಯ."

"ಹೌದಾ? ಒಳ್ಳೇದು."

"ವೊಂಬ್ಯಾಟ್ ಅಂತ ಒಂದು ಪ್ರಾಣಿ. ಅದರ ಹಿಕ್ಕೆ ಚೌಕ."

"ಇರಬಹುದು. ದೇವರ ಸೃಷ್ಟಿ."

ನಿಜಕ್ಕೆ ಬಗ್ಗದಿದ್ದಾಗ ತುಣುಕಣ್ಣ ತನ್ನ ವೃತ್ತಿಧರ್ಮವನ್ನು ಗಾಳಿಗೆ ತೂರಿ ಸುಳ್ಳಿಗೆ ಇಳಿದ. ಆನೆ ಮೊಟ್ಟೆ ಇಡುತ್ತೆ ಎಂದ. ಚಂದ್ರ ಭಾನುವಾರ ರಜಾ ತಗೋತಾನೆ ಎಂದ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಚಂದ್ರನಿಗೂ ಸುಸ್ತಾಗಲ್ವಾ ಎಂದು ಮರುಗಿದಳು. ನಾಳೆಯ ಅಡುಗೆ ಹಿಡಿದು ಬಂದ ಮಗಳ ಕಿವಿಗೆ ಇದು ಬಿತ್ತು. ಅವಳು ತಂದೆಯನ್ನು ಅಡುಗೆಮನೆಗೆ ಕರೆದಳು.

"ಅಪ್ಪಾ, ಏನು ಮಾಡ್ತಿದೀಯ ನೀನು? ಡಾಕ್ಟರು ಪರೀಕ್ಷೆ ಮಾಡಬೇಡಿ ಅಂದಿಲ್ವಾ?"

"ಪರೀಕ್ಷೆ ಅಲ್ಲ ಮಗಳೇ."

"ಮತ್ತೇನು? ಆನೆ ಮೊಟ್ಟೆ ಇಡುತ್ತಾ? ಅಮ್ಮ ನಂಬ್ಕೊಂಡು ಹಾಯಾಗಿದ್ದಾಳೆ. ಇರಲಿ ಬಿಡು."

ತುಣುಕಣ್ಣ ಜಾಡಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದ. "ಪಿರಮಿಡ್ಡು ಕಟ್ಟೋ ಕಾಲಕ್ಕೆ ಮ್ಯಾಮತ್ ಆನೆಗಳು ಇನ್ನೂ ಬದುಕಿದ್ವು, ಗೊತ್ತಾ ನಿನಗೆ? ಎಲ್ಲಾ ಕಡೆ ಅಳಿದುಹೋಗಿ ಸಾವಿರಾರು ವರ್ಷ ಆಗಿತ್ತು. ದೂರದ ಒಂದು ದ್ವೀಪದಲ್ಲಿ ಮಾತ್ರ ಒಂದಷ್ಟು ಉಳಿದಿದ್ವು. ಯಾರೂ ಅಲ್ಲಿಗೆ ಹೋಗಿ ನೋಡಿರಲಿಲ್ಲ, ಅಷ್ಟೇ."

ಮಗಳಿಗೆ ತಂದೆಯ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. "ಇನ್ನು ಸುಳ್ಳು ಹೇಳಬೇಡ, ಪ್ರಮಾಣ ಮಾಡು" ಎಂದಳು. ಅವನು ಪ್ರಮಾಣ ಮಾಡಿದ.

ಸಂಜೆಯ ಕೊನೆಗೆ ಇನ್ನೊಂದು ಆಟ ನಡೆಯುತ್ತಿತ್ತು. ಬೆಳಕು ಇಳಿಯುವ ಹೊತ್ತಿಗೆ ಅವಳು ಕಿಟಕಿಯ ಕಡೆ ನೋಡಿ, "ಪೇಪರಿನವರೇ, ಕತ್ತಲಾಗ್ತಾ ಬಂತು. ಮನೇಲಿ ನಿಮ್ಮ ಹೆಂಡತಿ ಕಾಯ್ತಾ ಇರ್ತಾಳೆ, ಹೊರಡಿ" ಎನ್ನುವಳು. ಅವನು "ಹೌದು, ಕಾಯ್ತಾಳೆ" ಎಂದು ಎದ್ದು, ಮುಂಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ಔಷಧಿ ಅಂಗಡಿಯ ಮುಂದೆ ಒಂದಿಷ್ಟು ನಿಂತು, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಅಷ್ಟರಲ್ಲಿ ಅವಳಿಗೆ ಎಲ್ಲ ಮರೆತಿರುತ್ತಿತ್ತು. "ಬಂದ್ರಾ? ಕೂತ್ಕೊಳ್ಳಿ" ಎನ್ನುವಳು. ಸ್ವಂತ ಮನೆಗೆ ದಿನಾ ನೆಂಟನಾಗಿ ಬರುವ ಈ ಕೆಲಸವನ್ನು ಅವನು ಗೊಣಗದೆ ಮಾಡಿಕೊಂಡು ಬಂದಿದ್ದ.

ಒಂದು ಸಂಜೆ ಅವನ ಮಂಡಿ ವಿಪರೀತ ನೋಯುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ ಬೇರೆ. ಆವತ್ತು ಶುಕ್ರಗ್ರಹದ ದಿನ ಹೇಳಿದ್ದ, ಶಾರ್ಕು ಹೇಳಿದ್ದ, ಕಬ್ಬಿಣದ ಗೋಪುರ ಹೇಳಿದ್ದ, ಬೇಕೆಂದೇ 'ಬೆಳೆಯುತ್ತೆ' ಎಂದಿದ್ದ. ಅವಳು ಎಲ್ಲಕ್ಕೂ ಹೌದಾ ಎಂದಿದ್ದಳು. ಕಿಟಕಿ ಕಪ್ಪಾಗುತ್ತಿದ್ದಂತೆ ಅವಳು ತಲೆ ಎತ್ತಿದಳು.

"ಪೇಪರಿನವರೇ, ಹೊರಡಿ ಇನ್ನು. ಪಾಪ, ನಿಮ್ಮ ಹೆಂಡತಿ ಕಾಯ್ತಾ ಇರ್ತಾಳೆ."

ತುಣುಕಣ್ಣನಿಗೆ ಏಳಲು ಆಗಲಿಲ್ಲ. ಮಂಡಿಯೂ ಏಳಲಿಲ್ಲ, ಮನಸ್ಸೂ ಏಳಲಿಲ್ಲ. ವೈದ್ಯರು, ಮಗಳು, ಪ್ರಮಾಣ ಎಲ್ಲ ಒಂದು ಕಡೆಗಾಯಿತು. ಪ್ರಮಾಣವನ್ನು ಮುರಿದಂತೆಯೂ ಆಗಲಿಲ್ಲ, ಏಕೆಂದರೆ ಹೇಳಿದ್ದು ನಿಜವನ್ನೇ.

"ನನ್ನ ಹೆಂಡತಿ ನೀನೇ ಕಣೆ" ಎಂದ.

ಅವಳ ಕೈಯಲ್ಲಿದ್ದ ಬಟಾಣಿ ಕಾಯಿ ಹಾಗೇ ನಿಂತಿತು. ಅವನನ್ನು ಹಣೆಯಿಂದ ಮಂಡಿಯ ತನಕ ನೋಡಿದಳು. ಆಮೇಲೆ ಬಾಯಿಯ ಒಂದು ತುದಿ ಮೆಲ್ಲಗೆ ಮೇಲೇರಿತು.

"ಸುಳ್ಳು!"

ತುಣುಕಣ್ಣ ಕಾದದ್ದು ಇದನ್ನೇ, ಆದರೆ ಬಂದದ್ದು ಇದಕ್ಕೆ. ಲೋಕದ ಸೋಜಿಗಗಳನ್ನೆಲ್ಲ ಒಪ್ಪಿಕೊಂಡವಳು ಇದೊಂದನ್ನು ಒಪ್ಪಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ಬೇಕಾಗುತ್ತದೆ ಒಮ್ಮೊಮ್ಮೆ. ನೋವು ಒಂದು ಕಡೆಯಿಂದ ನುಗ್ಗಿತು, ಇನ್ನೊಂದು ಕಡೆಯಿಂದ ಅದಕ್ಕಿಂತ ದೊಡ್ಡದಾಗಿ ಸಂತೋಷ ನುಗ್ಗಿತು, ಅವನು ಎರಡರ ನಡುವೆ ಬಾಯಿ ತೆರೆದು ಕೂತ.

ಅವಳ ಅಂಗೈ ಮುಂದೆ ಬಂತು. ಎರಡು ಬೆರಳು ಆಡಿದವು.

"ಬಾಯಿಮಾತು ಟಿಕೆಟ್ ಅಲ್ಲ. ತೋರಿಸಿ."

ಅದುವರೆಗೆ ಏಳದಿದ್ದ ಮಂಡಿಗೆ ಎಲ್ಲಿಂದ ಬಲ ಬಂತೋ, ತುಣುಕಣ್ಣ ಒಳಗೆ ಓಡಿದ. ಬೀರುವಿನ ಬಟ್ಟೆಗಳನ್ನೆಲ್ಲ ಕೆಳಗೆ ಹಾಕಿ ಮದುವೆಯ ಫೋಟೋ ಹುಡುಕಿ ತಂದು ಆ ಅಂಗೈಯ ಮೇಲಿಟ್ಟ. ಅವಳು ಅದನ್ನು ದೀಪದ ಕೆಳಗೆ ಹಿಡಿದಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು, ಅವನ ಮುಖದ ಪಕ್ಕಕ್ಕೆ ಹಿಡಿದು ತಾಳೆ ನೋಡಿದಳು.

"ಈ ಹುಡುಗನಿಗೆ ತಲೆ ತುಂಬ ಕೂದಲು. ಮೀಸೆ ಬೇರೆ. ಬೇರೆಯವರ ಪಾಸ್ ತೋರಿಸಿ ಹೋಗೋರನ್ನ ಎಷ್ಟು ಜನ ನೋಡಿಲ್ಲ ನಾನು!"

"ಅವನೇ ಕಣೆ ನಾನು."

"ಆಗಲ್ಲ" ಎಂದು ಫೋಟೋ ವಾಪಸ್ ಕೊಟ್ಟಳು. ದನಿಯಲ್ಲಿ ಹಳೆಯ ನೀಲಿ ಕೋಟು ಇತ್ತು. "ನಾಳೆ ಸಂಜೆ ತನಕ ಟೈಮ್ ಕೊಡ್ತೀನಿ, ಬೇರೆ ಪುರಾವೆ ತನ್ನಿ. ಅಲ್ಲೀತನಕ ಪಾತ್ರೆ ನಿಮ್ಮದು."

ಮಗಳು ಕೊಡೆ ಮಡಚಿ ಒಳಗೆ ಬಂದಾಗ ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ತಂದೆ ತೋಳು ಮಡಿಸಿಕೊಂಡು ಬಾಣಲೆ ಉಜ್ಜುತ್ತಿದ್ದ. ತಾಯಿ ಪಕ್ಕದಲ್ಲಿ ನಿಂತು, ತೊಳೆದಿಟ್ಟ ಲೋಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, "ಇದರಲ್ಲಿ ಇನ್ನೂ ಸೋಪಿದೆ" ಎಂದು ವಾಪಸ್ ಕೊಡುತ್ತಿದ್ದಳು. ತಂದೆಯ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಅಪ್ಪಾ! ಏನಾಯ್ತು? ಅಮ್ಮ ಏನಾದ್ರೂ ಅಂದ್ಲಾ?"

ಬೆಳಗಾಗುವಷ್ಟರಲ್ಲಿ ಅವಳಿಗೆ ಇದೇನೂ ನೆನಪಿರುವುದಿಲ್ಲ ಎಂದು ತುಣುಕಣ್ಣನಿಗೆ ಗೊತ್ತಿತ್ತು. ಅವನು ವಾಪಸ್ ಬಂದ ಲೋಟವನ್ನು ಮತ್ತೆ ನೀರಿಗೆ ಹಿಡಿದ.

"ಸೋತೆ ಕಣಮ್ಮಾ" ಎಂದ. "ನಾಳೆ ಸಂಜೆ ತನಕ ಟೈಮ್ ಕೊಟ್ಟಿದ್ದಾಳೆ."